ಒಳಕೋಣೆಗೊಂದು ಲೈನು

ಜನವರಿ ೫

ಮೋಡ ಕಾಯುವ ನನ್ನ ಸೊಸೆಗೆ,

ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯುವುದು ವಾಡಿಕೆ, ಬರೆದಿದ್ದೇನೆ. ಇನ್ನು ನಿಜ ಹೇಳುತ್ತೇನೆ.

ಎಂಟು ದಿನದ ಹಿಂದೆ, ಭಾನುವಾರ, ನಿನ್ನ ದ್ವೀಪದಿಂದ ಮೊದಲ ವಿಡಿಯೋ ಕರೆ ಬಂದಾಗ ನಾವು ಮೂವರೂ ಟೆರೇಸಿನಲ್ಲಿ ನೀರಿನ ಟ್ಯಾಂಕಿಗೆ ಒರಗಿ ನಿಂತಿದ್ದೆವು. ನಮ್ಮ ಮನೆಯೊಳಗೆ ಮೊಬೈಲು ಮುಖ ನೋಡಿಕೊಳ್ಳುವುದಕ್ಕಷ್ಟೇ ಲಾಯಕ್ಕು ಎಂಬುದು ನಿನಗೆ ಗೊತ್ತೇ ಇದೆ. ಸಿಗ್ನಲ್ ಬೇಕಾದವರು ಮೇಲೆ ಹತ್ತಬೇಕು, ಹತ್ತಿದ ಮೇಲೂ ಅದರ ಮರ್ಜಿ ಕಾಯಬೇಕು. ನಿನ್ನ ಮುಖ ಬಂತು, ಚೌಕ ಚೌಕವಾಗಿ ಒಡೆಯಿತು, ಆಮೇಲೆ ಬಾಯಿ ತೆರೆದುಕೊಂಡು ನಿಂತೇಬಿಟ್ಟಿತು. ನಿನ್ನ ಗಂಡ ಹಲ್ಲಿನ ಡಾಕ್ಟರು, ತೆರೆದ ಬಾಯಿ ಕಂಡರೆ ಅವನಿಗೆ ಖುಷಿ. ನಿನ್ನ ಮಗಳಿಗೆ ಹಾಗಲ್ಲ. ಹುಟ್ಟಿದ ದಿನದಿಂದ ಮೇಲಿನ ತಂತಿಯಲ್ಲೇ ಅಳುವ ಅವಳಿಗೆ ನಾನು ಪಿಟೀಲು ಅಂತ ಹೆಸರಿಟ್ಟದ್ದು ಸಾರ್ಥಕವಾಯಿತು. ನನ್ನ ಕುತ್ತಿಗೆಯೊಳಗೆ ಮುಖ ಹುದುಗಿಸಿ ಅವಳು ನುಡಿಸಿದ್ದು ನಿನಗೆ ಕೇಳಿಸಿರಲಾರದು, ಬಿಡು.

ಇನ್ನೊಂದು ವಿಷಯ. ಗೋಡೆಯ ಮೇಲಿರುವ ನಿನ್ನ ಚಿತ್ರ ತೋರಿಸಿ ಯಾರು ಎಂದರೆ ಅವಳು "ಫೋಟೋ" ಅನ್ನುತ್ತಾಳೆ. ತಪ್ಪೆನ್ನಲು ಆಗದು. ಅದು ಫೋಟೋನೇ.

ಏಳು ತಿಂಗಳ ಹಿಂದೆ, ಅವಳಿಗೆ ಹತ್ತು ತಿಂಗಳಾಗಿದ್ದಾಗ, ನಿನ್ನನ್ನು ದೋಣಿ ಹತ್ತಿಸಿದವಳು ನಾನು. "ಒಂದೂವರೆ ವರ್ಷದ ಪೋಸ್ಟಿಂಗು, ಇಂಥ ಅವಕಾಶ ಮತ್ತೆ ಬರಲ್ಲ, ಹೋಗಿ ಬಾ. ಮಗು ನಿನ್ನನ್ನ ಮರೀದ ಹಾಗೆ ನೋಡ್ಕೊಳ್ಳೋದು ನನ್ನ ಜವಾಬ್ದಾರಿ" ಎಂದು ಮಾತು ಕೊಟ್ಟವಳೂ ನಾನೇ. ನಿವೃತ್ತಿಯಾಗುವವರೆಗೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿಗೆ ಊರನ್ನೇ ಜೋಡಿಸಿದವಳ ಮನೆಯಲ್ಲಿ ತಾಯಿಗೂ ಮಗಳಿಗೂ ಲೈನು ಸಿಗುವುದಿಲ್ಲ ಅಂದರೆ ನನ್ನ ಮಾನಕ್ಕೇ ಕುಂದು. ನಿನ್ನದು ಹವಾಮಾನ, ನನ್ನದು ಬರೀ ಮಾನ.

ಆದ್ದರಿಂದ ಮನೆಗೆ ಇಂಟರ್ನೆಟ್ ಹಾಕಿಸಿದೆ. ಕಂಪನಿಯವನು ಬಂದು, ಮುಂದಿನ ಹಾಲಿನ ಕಿಟಕಿಯ ತನಕ ಕೇಬಲ್ ಎಳೆದು, ಒಂದು ಪುಟ್ಟ ಬಿಳಿ ಡಬ್ಬಿ ಗೋಡೆಗೆ ಹೊಡೆದು ಹೊರಟೇಬಿಟ್ಟ.

"ಇದರಿಂದ ಮನೆಯೆಲ್ಲ ವೈಫೈ ಬರುತ್ತಾಪ್ಪ?" ಅಂದೆ.

"ಅದಕ್ಕೆ ರೂಟರ್ ಬೇರೆ ಇಡಬೇಕು ಆಂಟಿ. ಅದು ನಮ್ಮ ವಿಭಾಗ ಅಲ್ಲ. ಅವರು ಬರೋದು ಎರಡು ಮೂರು ತಿಂಗಳಾಗುತ್ತೆ."

ಎರಡು ಮೂರು ತಿಂಗಳಲ್ಲಿ ಪಿಟೀಲು ನಿನ್ನ ಫೋಟೋವನ್ನೂ ಮರೆತಾಳು. ಮಾರನೆಯ ದಿನ ಅಂಗಡಿಗೆ ಹೋಗಿ ರೂಟರನ್ನು ನಾನೇ ತಂದೆ. ನಿನ್ನ ಗಂಡ ಪೆಟ್ಟಿಗೆಯನ್ನು ದೂರದಿಂದ ನೋಡಿ "ಅಮ್ಮಾ, ಇದೆಲ್ಲ ನಮ್ಮ ಕೈಲಿ ಆಗೋದಾ?" ಅಂದ. ರೂಟ್ ಕೆನಾಲ್ ಮಾಡುವವನಿಗೆ ರೂಟರ್ ಕಂಡರೆ ಭಯ. ನಮ್ಮ ಕೈಲಿ ಆಗದೇ ಇರಬಹುದು, ನನ್ನ ಕೈಲಿ ಆಗುತ್ತದೆ ಎಂದೆ.

ನಿನ್ನ,
ಎಕ್ಸ್‌ಚೇಂಜ್ ಅತ್ತೆ


ಜನವರಿ ೧೮

ಪ್ರೀತಿಯ ಅತ್ತೆಗೆ,

ನಮಸ್ಕಾರಗಳು. ನಿಮ್ಮ ಪತ್ರವನ್ನು ಸಾಮಾನಿನ ದೋಣಿ ಈರುಳ್ಳಿ ಮೂಟೆಯ ಜೊತೆ ತಂದಿತು. ನಮ್ಮ ಹವಾಮಾನ ಕೇಂದ್ರದ ಅಡುಗೆಯವರೂ ನಾನೂ ಎದುರುಬದುರು ಕೂತು ಕಣ್ಣೊರೆಸಿಕೊಂಡೆವು. ಇಬ್ಬರೂ ದೂರನ್ನು ಈರುಳ್ಳಿಯ ಮೇಲೇ ಹಾಕಿದೆವು.

ಇಲ್ಲಿಯ ಕಂಪ್ಯೂಟರಿನ ಸಂಪರ್ಕ ಗಾಳಿ, ಮಳೆ, ಒತ್ತಡಗಳ ಅಂಕಿ ಕಳಿಸುವುದಕ್ಕೆ ಮಾತ್ರ ಮೀಸಲು. ಮುಖ್ಯಸ್ಥರು ದೊಡ್ಡ ಮನಸ್ಸು ಮಾಡಿ ಈಗ ಭಾನುವಾರ ಒಬ್ಬೊಬ್ಬರಿಗೆ ಸ್ವಲ್ಪ ಹೊತ್ತು ಮನೆಗೆ ಮಾತಾಡಲು ಬಿಟ್ಟಿದ್ದಾರೆ. ಸರದಿ ಮುಗಿದ ಕೂಡಲೇ ಹಿಂದಿನವರು ಕೆಮ್ಮುತ್ತಾರೆ. ಅಡುಗೆಯವರಿಗೆ ನನಗಿಂತ ಅವಸರ. ಅವರ ಹೆಂಡತಿ ತುಂಬು ಬಸುರಿ.

ರೂಟರನ್ನು ನೀವೇ ಕೂರಿಸುತ್ತೀರಿ ಎಂದರೆ ನನಗೆ ಆಶ್ಚರ್ಯವಿಲ್ಲ, ರೂಟರಿನ ಬಗ್ಗೆ ಕನಿಕರವಿದೆ. ಎರಡೇ ಮಾತು ನೆನಪಿಡಿ. ಅದನ್ನು ಆದಷ್ಟು ಎತ್ತರದಲ್ಲಿ, ಬಯಲಾಗಿ ಇಡಿ. ಕಬ್ಬಿಣ, ಸ್ಟೀಲು, ದೊಡ್ಡ ಕನ್ನಡಿ ಇಂಥವುಗಳ ಒಳಗೋ ಹಿಂದೋ ಇಡಬೇಡಿ. ಗೋಡೆಯನ್ನು ಹೇಗೋ ದಾಟುತ್ತದೆ, ಲೋಹದ ಮುಂದೆ ಸೋಲುತ್ತದೆ.

ಅವಳು ಅತ್ತದ್ದು ಕೇಳಿಸಿತು ಅತ್ತೆ. ಚಿತ್ರ ನಿಂತಿತ್ತು, ದನಿ ನಿಂತಿರಲಿಲ್ಲ.

"ಫೋಟೋ" ಅನ್ನುತ್ತಾಳೆ ಎಂದಿರಿ. ಫ ಅಕ್ಷರ ಸರಿಯಾಗಿ ಬರುತ್ತದೆಯೇ? ಈ ವಯಸ್ಸಿಗೆ ಅದು ಕಷ್ಟ ಎಂದು ಎಲ್ಲೋ ಓದಿದ್ದೆ.

ಇಲ್ಲಿ ಚಳಿ ಜೋರಾಗಿದೆ. ಒಳಕೋಣೆಯ ಮಂಚದ ಮೇಲೆ, ನಾನು ಅವಳಿಗೆ ಹಾಲು ಕುಡಿಸುತ್ತಿದ್ದ ಜಾಗದಲ್ಲಿ, ನನ್ನ ಬೂದು ಸ್ವೆಟರ್ ಬಿಟ್ಟುಬಂದಿದ್ದೇನೆ. ಮುಂದಿನ ದೋಣಿಗೆ ಕಳಿಸುತ್ತೀರಾ?

ನಿಮ್ಮ ಸೊಸೆ


ಫೆಬ್ರವರಿ ೩

ಮುದ್ದಿನ ಮೋಡಮ್ಮನಿಗೆ,

ನೆಟ್ ನೆಟ್ಟಗಾಯಿತು. ಇದನ್ನು ಮೊದಲ ಸಾಲಿನಲ್ಲೇ ಬರೆದಿದ್ದೇನೆ, ಯಾಕೆಂದರೆ ಮುಂದೆ ಬರುವುದನ್ನು ಓದಿದರೆ ನಿನಗೆ ನಂಬಿಕೆ ಬರುವುದಿಲ್ಲ.

ರೂಟರಿನ ಜೊತೆ ಒಂದು ಪುಸ್ತಿಕೆ ಬಂದಿತ್ತು. ಅದರಲ್ಲಿ ಲೆಕ್ಕವಿಲ್ಲದಷ್ಟು ಭಾಷೆಗಳಿದ್ದವು, ಯಾವ ಭಾಷೆಯಲ್ಲೂ ಅರ್ಥವಿರಲಿಲ್ಲ. ಪಕ್ಕಕ್ಕಿಟ್ಟೆ. ಎಕ್ಸ್‌ಚೇಂಜಿನಲ್ಲಿ ನಾವು ಕಲಿತದ್ದು ಇಷ್ಟೇ: ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗಬೇಕು, ನಡುವೆ ಯಾರು ಕೂತಿದ್ದಾರೆ. ಬಿಳಿ ಡಬ್ಬಿಯಿಂದ ಬರುತ್ತದೆ, ಫೋನಿಗೆ ಹೋಗಬೇಕು, ನಡುವೆ ರೂಟರ್ ಕೂತಿದೆ. ಸಣ್ಣ ಕೇಬಲ್ಲಿನ ಒಂದು ತುದಿ ಡಬ್ಬಿಗೆ, ಇನ್ನೊಂದು ತುದಿ ರೂಟರಿನ ಬೆನ್ನಲ್ಲಿ ಬೇರೆ ಬಣ್ಣದಲ್ಲಿದ್ದ ತೂತಿಗೆ. ಟಪಕ್ ಎಂದಿತು. ಆ ಸದ್ದು ಕೇಳಿ ನನಗೆ ಇಪ್ಪತ್ತು ವರ್ಷ ಕಡಿಮೆಯಾಯಿತು.

ರೂಟರಿನ ಹೊಟ್ಟೆಯ ಕೆಳಗೆ ಚೀಟಿ ಅಂಟಿಸಿದ್ದಾರೆ. ಅದರಲ್ಲಿದ್ದ ಅಂಕಿಗಳನ್ನು ಫೋನಿನಲ್ಲಿ ಹೊಡೆದರೆ ಅದರ ಒಳಮನೆ ತೆರೆಯುತ್ತದೆ. ಲಾಗಿನ್ ಆಗುವಷ್ಟರಲ್ಲಿ ಲಾಗ ಹಾಕಿದ ಹಾಗಾಯಿತು, ಆದರೂ ಆದೆ. ನಮ್ಮ ನೆಟ್‌ವರ್ಕಿಗೆ ಪಿಟೀಲು ಎಂದೇ ಹೆಸರಿಟ್ಟೆ, ತಂತಿಯಿಲ್ಲದ ಪಿಟೀಲು. ಕಂಪನಿ ಕೊಟ್ಟ ಗುಪ್ತಪದ ತೆಗೆದು ನನ್ನದೊಂದು ಹಾಕಿದೆ. ಹಾಕಿ ಕಾಫಿ ಕುಡಿದು ಮುಗಿಸಿರಲಿಲ್ಲ, ಮೇಲಿನ ಮನೆಯಾಕೆ ಬಾಗಿಲಲ್ಲಿ.

"ನಿಮ್ಮಲ್ಲಿ ಒಂಚೂರು ಪಾಸ್‌ವರ್ಡ್ ಇದ್ರೆ ಕೊಡ್ತೀರಾ? ನಾಳೆ ವಾಪಸ್ ಕೊಡ್ತೀನಿ."

ಸಕ್ಕರೆಯ ಹಾಗೆ ಕೇಳುತ್ತಾಳೆ. "ಪಾಪು ಮಲಗಿದ ಮೇಲೆ ನೋಡೋಣ" ಎಂದೆ. ಪಾಪು ಇನ್ನೂ ಮಲಗಿಲ್ಲ.

ಇನ್ನು ನಂಬಲಾಗದ ಭಾಗ. ಪಿಟೀಲಿಗೆ ಮಿಣುಕುವ ದೀಪ ಕಂಡರೆ ನೆಕ್ಕುವ ಚಟ. ರೂಟರಿನಲ್ಲಿ ನಾಲ್ಕು ದೀಪ. ಆದ್ದರಿಂದ ನಾನು ದೊಡ್ಡ ಸ್ಟೀಲಿನ ಬ್ರೆಡ್ ಡಬ್ಬಿಗೆ ಹಿಂದೆ ತೂತು ಹೊಡೆಸಿ, ಕೇಬಲ್ ಒಳಗೆ ತೂರಿಸಿ, ರೂಟರನ್ನು ಒಳಗೆ ಕೂರಿಸಿ, ಮುಚ್ಚಳ ಹಾಕಿ ಭದ್ರ ಮಾಡಿದೆ. ಭದ್ರವೆಂದರೆ ಭದ್ರ: ಮಗುವೂ ಒಳಗೆ ಹೋಗಲಿಲ್ಲ, ಸಿಗ್ನಲ್ಲೂ ಹೊರಗೆ ಬರಲಿಲ್ಲ. ನಾಲ್ಕು ದಿನ ಕಂಪನಿಗೆ ಫೋನು ಮಾಡಿ ಬೈದೆ, ಅದೂ ಟೆರೇಸಿನಿಂದ.

ನಿನ್ನ ಗಂಡ ದಿನಾ ಕ್ಲಿನಿಕ್ಕಿನಿಂದ ಬಂದು ಡಬ್ಬಿ ನೋಡುವುದು, ನನ್ನನ್ನು ನೋಡುವುದು. "ಅಮ್ಮಾ, ಅವರ ಕಡೆಯವನು ಬರೋವರೆಗೂ ಕಾಯೋಣ."

"ನಿನ್ನ ಪೇಷಂಟುಗಳು ಕಾಯ್ತಾರೆ, ಯಾಕಂದ್ರೆ ಅವರಿಗೆ ನೀನಂದ್ರೆ ಹೆದರಿಕೆ. ನನಗೇನು?"

ಆಮೇಲೆ ನಿನ್ನ ಪತ್ರ ಬಂತು. ಸ್ಟೀಲಿನ ಒಳಗೆ ಇಡಬೇಡಿ ಎಂಬಲ್ಲಿಗೆ ಬಂದು ಒಂದು ಕ್ಷಣ ಓದು ನಿಲ್ಲಿಸಿದೆ. ಯಾರೂ ನೋಡದ ಹೊತ್ತಿನಲ್ಲಿ ಡಬ್ಬಿಗೆ ಮತ್ತೆ ಬ್ರೆಡ್ ತುಂಬಿದೆ. ರೂಟರ್ ಈಗ ಹಾಲಿನ ಪುಸ್ತಕದ ಕಪಾಟಿನ ತುತ್ತತುದಿಯಲ್ಲಿ ರಾಜನ ಹಾಗಿದೆ. ಸೋಫಾದಲ್ಲಿ, ಅಡುಗೆಮನೆಯಲ್ಲಿ, ನನ್ನ ಕೋಣೆಯಲ್ಲಿ ಎಲ್ಲ ಕಡೆ ತುಂಬು ಸಿಗ್ನಲ್.

ಸ್ವೆಟರ್ ವಿಷಯ. ಕಳಿಸಲು ಹೋದೆ, ಪಿಟೀಲು ಬಿಡಲಿಲ್ಲ. ಚೀಲಕ್ಕೆ ಹಾಕಿದರೆ ಎಳೆದು ತೆಗೆದು, ನೆಲದ ಮೇಲೆ ದರದರ ಎಳೆದುಕೊಂಡು ಹೋಗಿ, ಮತ್ತೆ ಒಳಕೋಣೆಯ ದಿಂಬಿನ ಮೇಲೇ ಇಟ್ಟು ಬಂದಳು. ಮೂರು ಸಲ. ಹಠದಲ್ಲಿ ಥೇಟ್ ನೀನೇ. ನಿನಗೆ ಬೇರೆ ನೀಲಿ ಸ್ವೆಟರ್ ಕೊಂಡು ಕಳಿಸಿದ್ದೇನೆ.

ಈ ತಿಂಗಳ ಹದಿನೈದು ಭಾನುವಾರ. ಕರೆ ಮಾಡು. ಲೈನು ನನ್ನದು.

ಅತ್ತೆ

ಮರೆತಿದ್ದೆ. ಫ ಬರುತ್ತದೆ. ಚೆನ್ನಾಗಿ ಬರುತ್ತದೆ.


ಫೆಬ್ರವರಿ ೧೫

ಸೊಸೆಗೆ,

ಇದೀಗ ನಿನ್ನ ಕರೆ ಮುಗಿಯಿತು, ಬಿಸಿಬಿಸಿ ಬರೆಯುತ್ತಿದ್ದೇನೆ. ಎಂಥ ಸ್ಪಷ್ಟ. ನಿನ್ನ ಮೂಗಿನ ತುದಿ ಚಳಿಗೆ ಸಿಪ್ಪೆ ಎದ್ದಿರುವುದೂ ಕಂಡಿತು, ಎಣ್ಣೆ ಹಚ್ಚಿಕೋ.

ನಾನು ಫೋನನ್ನು ಪಿಟೀಲಿನ ಕೈಗೆ ಕೊಟ್ಟು ಹೊರಟುಬಿಟ್ಟದ್ದು ನಿನಗೆ ವಿಚಿತ್ರ ಅನ್ನಿಸಿತೇನೋ. ನಮ್ಮ ವೃತ್ತಿಯ ಮರ್ಯಾದೆ ಅದು. ಲೈನು ಕೂಡಿದ ಮೇಲೆ ಆಪರೇಟರ್ ಕಿವಿ ತೆಗೆಯಬೇಕು. ಕೆಲಸಕ್ಕೆ ಸೇರಿದ ಮೊದಲ ದಿನ ನಮ್ಮ ಮೇಲ್ವಿಚಾರಕಿ ಇದನ್ನೇ ಹೇಳಿದ್ದು: "ಜೋಡಿಸೋದು ನಿನ್ನ ಕೆಲಸ, ಕೇಳಿಸ್ಕೊಳ್ಳೋದು ಅವರ ಕೆಲಸ." ಅಂದಿನಿಂದ ಇಂದಿನವರೆಗೂ ಯಾರ ಮಾತನ್ನೂ ಕದ್ದು ಕೇಳಿದವಳಲ್ಲ. ನಿನ್ನ ಗಂಡನಿಗೆ ತುರ್ತು ಹಲ್ಲು ಬಂದಿತ್ತು, ಬೇರೆಯವರದು, ಅದಕ್ಕೆ ಕ್ಲಿನಿಕ್ಕಿಗೆ ಹೋಗಿದ್ದ. ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು ನಲ್ಲಿ ಬಿಟ್ಟುಕೊಂಡು ನಿಂತೆ, ತಾಯಿ ಮಗಳ ಗುಟ್ಟು ನನಗೇಕೆ ಎಂದು.

ಆಚೆ ಬಂದರೆ ಹಾಲಿನಲ್ಲಿ ಮಗುವಿಲ್ಲ. ಹುಡುಕಿದರೆ ಒಳಕೋಣೆಯ ಮಂಚದ ಪಕ್ಕ ನೆಲದ ಮೇಲೆ ತೆಪ್ಪಗೆ ಕೂತಿದ್ದಾಳೆ. ಫೋನು ದಿಂಬಿನ ಮೇಲೆ, ಅದರ ಮೇಲೆ ನಿನ್ನ ಬೂದು ಸ್ವೆಟರ್. ಆಟ ಮುಗಿಸಿ ಬಚ್ಚಿಟ್ಟಿದ್ದಳು ಕಳ್ಳಿ. ಅಷ್ಟು ಹೊತ್ತು ಏನು ಮಾತಾಡಿದಿರೋ, ನೀವಿಬ್ಬರೇ ಬಲ್ಲಿರಿ.

ಒಪ್ಪಿಕೋ, ನಿನ್ನ ಅತ್ತೆ ಗಟ್ಟಿಗಿತ್ತಿ.

ಗೆದ್ದ ಅತ್ತೆ


ಫೆಬ್ರವರಿ ೧೫

ಪ್ರೀತಿಯ ಅತ್ತೆಗೆ,

ನೀಲಿ ಸ್ವೆಟರ್ ಸಿಕ್ಕಿತು. ಅಳತೆ ಸರಿಯಾಗಿದೆ. ಉಪಕಾರವಾಯಿತು.

ಸಂಪರ್ಕ ಚೆನ್ನಾಗಿತ್ತು. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮುಖ ಕಂಡಿತು, ಆಮೇಲೆ ಅವಳದು. ಎಷ್ಟು ದೊಡ್ಡವಳಾಗಿದ್ದಾಳೆ. ನೀವು ಬಾಗಿಲು ಹಾಕಿಕೊಂಡದ್ದು, ನಲ್ಲಿ ಬಿಟ್ಟದ್ದು ಕೇಳಿಸಿತು. ನಾನು "ಪಿಟೀಲೂ, ಪುಟ್ಟಾ" ಎಂದೆ. ಅವಳು ನನ್ನನ್ನು ನೋಡಿದಳು. ನಗಲಿಲ್ಲ, ಅಳಲೂ ಇಲ್ಲ. ಮತ್ತೆ ಕರೆದೆ. ಆಗ ಫ್ಯಾನು ಕಂಡಿತು, ಅವಳ ಗಲ್ಲದ ಕೆಳಭಾಗ ಕಂಡಿತು, ಕಬ್ಬಿಣದ ಬೀರು ಓರೆಯಾಗಿ ಕಂಡಿತು. ಆಮೇಲೆ ಕಪ್ಪು. ಕಾದೆ. ನನ್ನ ಸರದಿ ಮುಗಿಯುವವರೆಗೂ ಕಪ್ಪೇ. ಹಿಂದೆ ಅಡುಗೆಯವರು ಕೆಮ್ಮಲಿಲ್ಲ. ಅದರಿಂದ ಇನ್ನೂ ಕಷ್ಟವಾಯಿತು.

ಬೇಡದ ಆಟಿಕೆಯನ್ನು ಮಕ್ಕಳು ಹಾಗೇ ಎಲ್ಲೋ ಹಾಕಿ ಹೋಗುತ್ತಾರೆ, ಗೊತ್ತಿದೆ. ಗುರುತಿಲ್ಲದವರನ್ನು ನೋಡಿ ಅಳದಿರುವಷ್ಟು ಜಾಣೆಯಾಗಿದ್ದಾಳೆ, ಅದು ನಿಮ್ಮ ಸಾಕಣೆ.

ಇನ್ನು ಮುಂದಿನ ಭಾನುವಾರಗಳನ್ನು ಅಡುಗೆಯವರಿಗೆ ಕೊಟ್ಟಿದ್ದೇನೆ. ವಾಪಸು ಕಳಿಸಿಕೊಡಿ ಎಂಬ ಅರ್ಜಿಯನ್ನೂ ಬರೆದಿಟ್ಟಿದ್ದೇನೆ, ಮಾರ್ಚ್ ಮಧ್ಯದ ದೋಣಿಗೆ ಹಾಕುತ್ತೇನೆ. ಈ ಕೆಲಸ ಮತ್ತೆ ಸಿಗುವುದಿಲ್ಲ ಎಂಬುದೂ ಗೊತ್ತು. ನಿಮ್ಮ ಮಗನಿಗೆ ಈಗಲೇ ಹೇಳಬೇಡಿ.

ನಾಳೆ ಇಲ್ಲಿ ಮೋಡ ಕವಿದ ವಾತಾವರಣ, ಮಳೆಯ ಸಂಭವ ಇಲ್ಲ.

ನಿಮ್ಮ ಸೊಸೆ


ಮಾರ್ಚ್ ೨

ನನ್ನ ದಡ್ಡ ಸೊಸೆಗೆ, ಅವಳಿಗಿಂತ ದಡ್ಡಳಾದ ಅತ್ತೆಯಿಂದ,

ನಿನ್ನ ಪತ್ರ ಬಂದು ಮೂರು ದಿನವಾಯಿತು. ಅದರ ಹಿಂದಿನ ಭಾನುವಾರ ಫೋನನ್ನು ಎದುರಿಗಿಟ್ಟುಕೊಂಡು ಕೂತಿದ್ದೆವು. ಕರೆ ಬಾರದಿದ್ದಾಗ ನಿನ್ನ ಕಡೆ ಮೋಡವೆಂದುಕೊಂಡೆವು. ಮೋಡವಾಗಿದ್ದದ್ದು ನಿಜವೇ, ಆದರೆ ಆಕಾಶದಲ್ಲಲ್ಲ.

ಅರ್ಜಿಯನ್ನು ಕೆಳಗಿಡು. ಇದನ್ನು ಪೂರ್ತಿ ಓದು.

ಪತ್ರ ಓದಿದ ಕೂಡಲೇ ನಾನು ಎಕ್ಸ್‌ಚೇಂಜಿನಲ್ಲಿ ಮಾಡುತ್ತಿದ್ದುದನ್ನೇ ಮಾಡಿದೆ. ಗಿರಾಕಿ ಲೈನು ಸತ್ತಿತು ಅಂದರೆ ಗಿರಾಕಿಯ ಮೇಲೆ ಅನುಮಾನ ಪಡುವುದಕ್ಕೆ ಮೊದಲು ಲೈನು ನೋಡಬೇಕು. ನಿನ್ನ ಗಂಡನನ್ನು ಕ್ಲಿನಿಕ್ಕಿನಿಂದ ವಿಡಿಯೋ ಕರೆ ಮಾಡಲು ಹೇಳಿದೆ. ಫೋನು ಹಿಡಿದು, ಪಿಟೀಲಿನ ಎತ್ತರಕ್ಕೆ ಬಗ್ಗಿ, ಹಾಲಿನಿಂದ ಒಳಕೋಣೆಯ ಕಡೆ ನಡೆದೆ. ಸೊಂಟ ಏನಂದಿತು ಎಂಬುದು ಬೇರೆ ಕಥೆ. ಹಾಲಿನಲ್ಲಿ ಅವನ ಮುಖ ಚೆಂದ. ಬೀರುಗಳ ಪಕ್ಕ ಬಂದಾಗ ಮುಖ ಚೂರಾಯಿತು. ಒಳಕೋಣೆಯ ಹೊಸ್ತಿಲಿಗೆ ಕಾಲಿಟ್ಟೆ, ಕಪ್ಪು.

ಹಾಲಿಗೂ ಒಳಕೋಣೆಗೂ ನಡುವಿನ ಗೋಡೆಗೆ ನಾವೇ ಜೋಡಿಸಿಟ್ಟ ಎರಡು ಕಬ್ಬಿಣದ ಬೀರುಗಳಿವೆಯಲ್ಲ, ಒಂದಕ್ಕೆ ಆಳೆತ್ತರದ ಕನ್ನಡಿ ಬೇರೆ. ಮನೆಯಲ್ಲೆಲ್ಲ ಸಿಗ್ನಲ್ ನೋಡಿದವಳು ಆ ಒಂದು ಕೋಣೆಯನ್ನು ನೋಡಿರಲಿಲ್ಲ. ನೀನಿಲ್ಲದ ಕೋಣೆಯಲ್ಲಿ ಫೋನು ಯಾರಿಗೆ ಬೇಕು ಎಂದುಕೊಂಡಿದ್ದೆ. ಬ್ರೆಡ್ ಡಬ್ಬಿಯಿಂದ ನಾನು ಕಲಿತದ್ದು ಬ್ರೆಡ್ ಡಬ್ಬಿಯ ವಿಷಯ ಮಾತ್ರ.

ಇಷ್ಟಾದರೆ ಲೈನು ಹೇಗೆ ಸತ್ತಿತು ಎಂದು ತಿಳಿಯಿತು. ಅವಳು ಅಲ್ಲಿಗೇ ಯಾಕೆ ಹೋದಳು? ನೀನು ಬೇಡದ ಆಟಿಕೆ ಅಂದೆ. ನಾನು ಬಚ್ಚಿಡುವ ಆಟ ಅಂದೆ. ನಿನ್ನ ಗಂಡನನ್ನು ಮತ್ತೆ ಕರೆ ಮಾಡಿಸಿ, ಈ ಸಲ ಫೋನನ್ನು ಅವಳ ಕೈಗೇ ಕೊಟ್ಟು ಹಿಂದೆಯೇ ಹೋದೆ. ವೃತ್ತಿಯ ಮರ್ಯಾದೆ ಒಂದು ದಿನ ರಜೆ ಹಾಕಿತು.

"ಪಿಟೀಲೂ, ಏನ್ ಮಾಡ್ತಿದೀಯೇ?" ಅಂದ ಅವನು. ಅವಳು ಮುಖ ನೋಡಿದಳು. ನಗಲಿಲ್ಲ, ಅಳಲಿಲ್ಲ, ಕೇಳಿಸಿಕೋ. ಎರಡೂ ಕೈಯಲ್ಲಿ ಫೋನು ಹಿಡಿದು, ಕೆಲಸವಿರುವವರ ಹಾಗೆ ನೆಟ್ಟಗೆ ಮುಂಬಾಗಿಲಿಗೆ ನಡೆದು, ಅಪ್ಪ ದಿನಾ ಚಪ್ಪಲಿ ಬಿಡುವ ಜಾಗದಲ್ಲಿ ಅವನನ್ನು ಇಟ್ಟಳು. ಚಪ್ಪಲಿಯ ಪಕ್ಕ, ನೇರವಾಗಿ. "ಅಮ್ಮಾ, ನನ್ನನ್ನ ಎಲ್ಲಿಟ್ಟಿದಾಳೆ? ಬರೀ ಪಾಲಿಶ್ ಡಬ್ಬಿ ಕಾಣ್ತಿದೆ" ಎಂದು ಅವನು ಕೂಗುತ್ತಿದ್ದ.

 ಸಾಯಂಕಾಲ ಮೇಲಿನ ಮನೆಯಾಕೆಯ ಕೈಲೂ ಕರೆ ಮಾಡಿಸಿದೆ. ಹೌದು, ಪಾಸ್‌ವರ್ಡ್ ಕೊಡಬೇಕಾಯಿತು. ಆಕೆಯನ್ನು ಪಿಟೀಲು ಮೆಟ್ಟಿಲ ಮೇಲಿಟ್ಟಳು.

ತಿಳಿಯಿತೇನೇ? ಅವಳು ಯಾರನ್ನೂ ಒಗೆಯುವುದಿಲ್ಲ. ದನಿ ಯಾರದೋ ಅವರ ಜಾಗಕ್ಕೆ ಒಯ್ದು ಜೋಡಿಸುತ್ತಾಳೆ. ಅಪ್ಪನದು ಬಾಗಿಲು. ಮೇಲಿನಾಕೆಯದು ಮೆಟ್ಟಿಲು. ನಿನ್ನ ದನಿ ಕೇಳಿದ್ದೇ ತಡ, ಯಾರೂ ಹೇಳಿಕೊಡದೆ, ಹಾಲ್ ದಾಟಿ, ಬೀರು ದಾಟಿ, ತನಗೆ ಹಾಲು ಕುಡಿಸಿದ ಮಂಚಕ್ಕೆ ನಿನ್ನನ್ನು ಹೊತ್ತೊಯ್ದು, ದಿಂಬಿನ ಮೇಲೆ ಮಲಗಿಸಿ, ನಿನ್ನ ಸ್ವೆಟರ್ ನಿನಗೇ ಹೊದೆಸಿದ್ದಾಳೆ. ಗೋಡೆಯ ಮೇಲಿರುವುದು ಫೋಟೋ ಎಂದು ಅವಳು ಹೇಳಿದ್ದು ಸರಿಯಾಗಿಯೇ ಇದೆ. ನೀನು ಎಲ್ಲಿರುವವಳು ಎಂದು ಅವಳಿಗೆ ಗೊತ್ತು. ಅವಳು ಸರಿಯಾಗಿ ಜೋಡಿಸಿದಳು. ಲೈನು ಹಾಕದೇ ಇದ್ದವಳು ನಾನು.

ಹಾಕಿದೆ. ನಿನ್ನೆ ಬೀರುಗಳನ್ನು ಆಚೆ ಗೋಡೆಗೆ ಸರಿಸಿದೆವು. ಹಾಲಿನ ಗೋಡೆಯ ಬಿಳಿ ಡಬ್ಬಿಯಿಂದ ಒಳಕೋಣೆಯವರೆಗೆ ಉದ್ದ ಕೇಬಲ್ ತಂದೆ. ನಡುವಿನ ಗೋಡೆಗೆ ತೂತು ಬೇಕು. ದಿನವಿಡೀ ಜನರ ಬಾಯಲ್ಲಿ ಡ್ರಿಲ್ ಮಾಡುವ ನಿನ್ನ ಗಂಡ ಗೋಡೆಯ ಮುಂದೆ ಬೆವರುತ್ತಾ ನಿಂತ.

"ರೂಟರ್ ಮನೆ ಮಧ್ಯದಲ್ಲಿ ಇರಬೇಕು ಅಮ್ಮಾ. ಹಾಲೇ ಮಧ್ಯ."

"ಪಿಟೀಲು ಎಲ್ಲಿಗೆ ಹೋಗ್ತಾಳೋ ಅದೇ ಮಧ್ಯ. ಕೊರಿ."

ಕೊರೆದ. ಅಭ್ಯಾಸಬಲ, ಗೋಡೆಗೆ "ಸ್ವಲ್ಪ ಉರಿಯುತ್ತೆ, ಆಮೇಲೆ ಸರಿಹೋಗುತ್ತೆ" ಎಂದೂ ಹೇಳಿದ. ಅರ್ಜಿಯ ವಿಷಯ ಅವನಿಗೆ ನಾನು ಹೇಳಿಲ್ಲ. ಆದರೆ ಕೇಬಲ್ ತೂರಿಸುವಾಗ ಆ ಮಂಚದ ಮೇಲೆ ಕೂತು ದಿಂಬು ಸರಿಮಾಡಿದ್ದು ಅವನೇ.

ರೂಟರ್ ಈಗ ನಿನ್ನ ಮಂಚದ ಮೇಲುಗಡೆ, ಹಲಗೆಯ ಮೇಲಿದೆ. ದೀಪಗಳಿಗೆ ಬಟ್ಟೆ ಅಂಟಿಸಿದ್ದೇನೆ. ಮುಂದಿನ ದೋಣಿ ಬಂದ ಮೇಲಿನ ಭಾನುವಾರ ಅಡುಗೆಯವರ ಹತ್ತಿರ ನಿನ್ನ ಸರದಿ ವಾಪಸು ಕೇಳು. ಕರೆ ಮಾಡಿ, ಅವಳು ನಿನ್ನನ್ನು ಹೊತ್ತುಕೊಂಡು ಹೋಗುವವರೆಗೂ ಸುಮ್ಮನಿರು.

ಮಾತು ಕೊಟ್ಟವಳು,
ಅತ್ತೆ


ಮಾರ್ಚ್ ೧೫

ಅತ್ತೆ,

ಕಾಗದದ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ, ಕ್ಷಮಿಸಿ. ತಿರುಗಿಸಿ ನೋಡಿದರೆ ಮುಖ್ಯಸ್ಥರಿಗೆ ಬರೆದ ಅರ್ಜಿ ಕಾಣುತ್ತದೆ. ಇಲ್ಲಿ ಕಾಗದಕ್ಕೆ ಬರ, ಹಾಳು ಮಾಡಲು ಮನಸ್ಸಾಗಲಿಲ್ಲ.

ಅಡುಗೆಯವರಿಗೆ ಗಂಡು ಮಗು. ಸರದಿ ಕೇಳಿದ್ದಕ್ಕೆ, "ತಗೊಳಮ್ಮ, ನನ್ನವನಿಗೆ ಇನ್ನೂ ಕಣ್ಣೇ ಸರಿಯಾಗಿ ಬಿಟ್ಟಿಲ್ಲ" ಎಂದರು.

ನಿಮ್ಮ ಮುಖ ಕಂಡಿತು. ಫೋನು ಅವಳಿಗೆ ಕೊಟ್ಟು ಹೋದಿರಿ. ಅಡುಗೆಮನೆಯ ನಲ್ಲಿಯ ಸದ್ದು ಬಂತು. ಈ ಸಲ ಬಾಗಿಲು ಹಾಕಿದ ಸದ್ದು ಬರಲಿಲ್ಲ, ನಾನು ಗಮನಿಸಿದೆ.

ನಾನು ಹೆಸರು ಹಿಡಿದು ಕರೆದೆ. ನೋಡಿದಳು. ನಗಲಿಲ್ಲ. ಫ್ಯಾನು, ಗಲ್ಲ, ಬೀರು ಇಲ್ಲದ ಖಾಲಿ ಗೋಡೆ, ಹೊಸ್ತಿಲು. ಚಿತ್ರ ಒಡೆಯಲಿಲ್ಲ. ದಾಟಿತು. ನನ್ನ ಕೋಣೆಯ ಕಿಟಕಿ ಕಂಡಿತು, ಮಂಚದ ಅಂಚು ಕಂಡಿತು, ಅವಳು ಏದುಸಿರು ಬಿಡುತ್ತ ಹತ್ತಿದ್ದು ಕೇಳಿಸಿತು. ಆಮೇಲೆ ಸರಿದಾಡಿ ಪಕ್ಕಕ್ಕೆ ಬಂದು ಮಲಗಿದಳು. ಎಷ್ಟು ಹತ್ತಿರ ಎಂದರೆ ಮುಂದೆ ಪೂರ್ತಿ ಹೊತ್ತು ನನಗೆ ಕಂಡದ್ದು ಒಂದು ಕಿವಿ. ಅದರ ಹಿಂದೆ ಮಚ್ಚೆಯಿದೆಯಲ್ಲ, ಅದು ಸ್ವಲ್ಪ ದೊಡ್ಡದಾಗಿದೆ.

 ಮೊದಲೆಲ್ಲ ಅವಳನ್ನು ಮಲಗಿಸುವಾಗ ಗಂಟಲಲ್ಲೇ ಒಂದು ದನಿ ಮಾಡುತ್ತಿದ್ದೆ, ಅದನ್ನು ಮಾಡಿದೆ. ಅವಳು ಎದ್ದು ಕೂತಳು. ಸ್ವೆಟರ್ ಎಳೆದು ನನಗೆ ಹೊದೆಸಿದಳು. ಎಲ್ಲ ಕಪ್ಪಾಯಿತು, ಆದರೆ ಈ ಸಲ ದನಿ ಇತ್ತು. ನನ್ನ ಗಂಟಲಿನ ಆ ದನಿಯನ್ನೇ ಅವಳು ನನಗೆ ತಿರುಗಿ ಮಾಡುತ್ತಿದ್ದಳು, ಸ್ವೆಟರಿನ ಮೇಲೆ ಮೆಲ್ಲಗೆ ತಟ್ಟುತ್ತ. ಮೂರನೆಯ ತಟ್ಟಿಗೋ ನಾಲ್ಕನೆಯದಕ್ಕೋ ಅಂಗೈ ಫೋನಿನ ಯಾವುದೋ ಗುಂಡಿಯ ಮೇಲೆ ಬಿತ್ತು. ಕರೆ ಕಟ್ ಆಯಿತು.

ನನ್ನ ಸರದಿ ಇನ್ನೂ ಉಳಿದಿತ್ತು. ಮತ್ತೆ ಕರೆ ಮಾಡಲಿಲ್ಲ ಅತ್ತೆ. ಅವಳು ನನ್ನನ್ನು ಮಲಗಿಸಿ ಆಗಿತ್ತು.

ಮುಂದಿನ ಭಾನುವಾರ ಇದೇ ಹೊತ್ತಿಗೆ ಮಾಡುತ್ತೇನೆ.

ನಿಮ್ಮ ಒಳಕೋಣೆಯ ಸೊಸೆ